ಮೊಬೈಲಿನ ಬೆಳಕಿಗೆ ಕೈ ಮುಗಿದ ಚಿಗವ್ವನಿಗೆ

ಮಾನ್ವಿ
ಮಂಗಳವಾರ, ಮಧ್ಯಾಹ್ನ

ನನ್ನ ಮೇಲೆ ಸಿಟ್ಟು ಮಾಡಿಕೊಂಡು ನಿನ್ನೂರು ಗೂಗಲ್ ಸೇರಿರುವ ಚಿಗವ್ವ ಶಿವಬಸಮ್ಮಗೆ, ನಿನ್ನ ಅಕ್ಕನ ಮಗಳು ಸುನಂದಾ ಮಾಡುವ ಶರಣು.

ಇದನ್ನು ನಿನಗೆ ಓದಿ ಹೇಳುತ್ತಿರುವವಳು ನಿನ್ನ ಸೊಸೆ ಲಲಿತಾ ಎಂದು ನನಗೆ ಗೊತ್ತು. ಲಲಿತಾ, ನಡುನಡುವೆ ಬಿಟ್ಟು ಓದಬೇಡ. ಬೈದದ್ದನ್ನೂ ಓದು. ಈ ಕಾಲದಲ್ಲಿ ಕಾಗದ ಯಾರು ಬರೆಯುತ್ತಾರೆ ಎಂದು ನೀವಿಬ್ಬರೂ ನಗಬಹುದು. ನಾನೇನು ಮಾಡಲಿ? ಚಿಗವ್ವನ ಫೋನ್ ಸ್ವಿಚ್ ಆಫ್ ಆಗಿ ಜೋಳದ ಡಬ್ಬಿಯಲ್ಲಿ ಮಲಗಿದೆಯಂತೆ. ನಿನ್ನ ಫೋನಿಗೆ ಮಾಡಿದರೆ, “ಅತ್ತಿ ಮಾತಾಡಂಗಿಲ್ಲ ಅಂತಾರ್ರಿ ಅಕ್ಕಾರ” ಎಂದು ಇಟ್ಟುಬಿಡುತ್ತೀ. ಅದಕ್ಕೇ ಇದನ್ನು ದೇವದುರ್ಗದ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದೇನೆ. ನಿನ್ನ ಗಂಡ ಸಂಜೀವನಿಗೆ ಹೇಳಿದ್ದೇನೆ, ಬಸ್ ಸ್ಟ್ಯಾಂಡಿಗೆ ಬಂದು ಇಸಿದುಕೊಳ್ಳುತ್ತಾನೆ.

ಚಿಗವ್ವಾ, ಮೊದಲು ಮುಖ್ಯವಾದದ್ದನ್ನು ಹೇಳಿಬಿಡುತ್ತೇನೆ, ಜಗಳ ಆಮೇಲೆ. ಶುಕ್ರವಾರ ಬೆಳಿಗ್ಗೆ, ನಾವು ಸಿನಿಮಾ ತೆಗೆಯುತ್ತಿರುವ ಶಾಮೀದಸಾಬರ ಮನೆಗೆ ಬಣ್ಣ ಹೊಡೆಯುವವರು ಬರುತ್ತಾರೆ. ಮೊಮ್ಮಗಳು ಅರೀಬಾಳ ಲಗ್ನ ಹತ್ತಿರ ಬಂತು, ಪಾಪ ಅವರಾದರೂ ಎಷ್ಟು ದಿನ ಅಂತ ನಮಗೆ ಮನೆ ಬಿಟ್ಟುಕೊಟ್ಟಾರು? ಗೋಡೆಗೆ ಸುಣ್ಣ, ಜಂತಿಗಳಿಗೆ ಹಸಿರು ಆಯಿಲ್ ಪೇಂಟ್. ಆ ಪೇಂಟ್ ಬಿದ್ದ ಮೇಲೆ ಇಂಥ ಹೊಗೆ ಹಿಡಿದ ಕರಿ ಜಂತಿಯ ಮನೆಯನ್ನು ನಾನು ಎಲ್ಲಿ ಹುಡುಕಲಿ? ನಿನ್ನ ಮನೆಯದೇ ಇತ್ತು. ಮಣ್ಣಿನ ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸಿಕೊಂಡು ಕೂತಿರಿ. ಸಿನಿಮಾದ ಉಳಿದೆಲ್ಲ ದೃಶ್ಯ ಮುಗಿದಿವೆ. ಬಾಕಿ ಇರುವುದು ನಿನ್ನದೊಂದೇ, ಅದಿಲ್ಲದೆ ಸಿನಿಮಾವೇ ಇಲ್ಲ. ಗುರುವಾರ ನೀನು ಮಾನ್ವಿಗೆ ಬರಬೇಕು.

ಗೂಗಲ್‌ನಲ್ಲಿ ನೀನು ಇಷ್ಟೊತ್ತಿಗೆ ಓಣಿಗೆಲ್ಲ ಹೇಳಿರುತ್ತೀ, ಅಕ್ಕನ ಮಗಳು ನಾಲ್ಕು ಮಂದಿ ಎದುರಿಗೆ ಮಂಗಳಾರತಿ ಎತ್ತಿದಳು ಅಂತ. ಹೌದು, ಎತ್ತಿದೆ. ಯಾಕೆ ಎತ್ತಿದೆ ಎನ್ನುವುದನ್ನು ಮಾತ್ರ ನೀನು ಹೇಳಿರುವುದಿಲ್ಲ. ಇದೆಲ್ಲ ಶುರುವಾದಾಗ ಲಲಿತಾ ಇನ್ನೂ ನಿಮ್ಮ ಮನೆಯ ಸೊಸೆ ಆಗಿರಲಿಲ್ಲ. ಅತ್ತೆಯ ಪಕ್ಷ ಕಟ್ಟುವ ಮೊದಲು ಅವಳೂ ಒಮ್ಮೆ ಪೂರ್ತಿ ಕೇಳಿಸಿಕೊಳ್ಳಲಿ.

ಲಾಕ್‌ಡೌನ್ ದಿನಗಳಲ್ಲಿ ರಾಯಚೂರಿನಲ್ಲಿ ನಮ್ಮವ್ವ ತೀರಿಕೊಂಡಳು. ಕೊರೋನಾ ಅಲ್ಲ, ಎದೆನೋವು. ನೀನು ಗೂಗಲ್‌ನಲ್ಲಿ. ಬಸ್ಸಿಲ್ಲ, ಟಂಟಂ ಇಲ್ಲ. ಸಂಜೀವ ನಿನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದ, ಪೊಲೀಸರು ಕಲ್ಮಲ ದಾಟಲು ಬಿಡಲಿಲ್ಲ. ಅಷ್ಟು ಹತ್ತಿರ ಬಂದು, ಊರು ಕಣ್ಣಿಗೆ ಬೀಳುವ ಮೊದಲೇ, ತಿರುಗಿ ಹೋದಿರಿ. ಕೊನೆಗೆ ಸಂಜೆ ಅವ್ವನನ್ನು ಎತ್ತುವ ಹೊತ್ತಿಗೆ ನಾನು ನಿನಗೆ ವಿಡಿಯೊ ಕಾಲ್ ಮಾಡಿದೆ.

ಅವ್ವನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಿಗೆ ಚೆಂಡುಹೂವಿನ ಹಾರ, ನೀನೇ ಕೊಡಿಸಿದ್ದ ಹಸಿರು ಇಳಕಲ್ ಸೀರೆ. ನಾನು ಫೋನನ್ನು ಅವಳ ಕಡೆ ತಿರುಗಿಸಿ ಹಿಡಿದು, ಅದರಲ್ಲಿ ನಿನ್ನನ್ನು ನೋಡುತ್ತಿದ್ದೆ. ನಿಮ್ಮ ಮನೆಯಲ್ಲಿ ಕರೆಂಟ್ ಇರಲಿಲ್ಲ. ಸುತ್ತ ಕತ್ತಲು, ನಡುವೆ ನಿನ್ನ ಮುಖ ಮಾತ್ರ, ಅದೂ ಫೋನಿನ ಬೆಳಕಿನಲ್ಲಿ. ಹಾರದ ಹಳದಿ ನಿನ್ನ ಕೆನ್ನೆಯ ಮೇಲೆ ಬಿದ್ದಿತ್ತು. ನಾನು ಸ್ವಲ್ಪ ಸರಿಸಿ ಹಿಡಿದರೆ ಸೀರೆಯ ಹಸಿರು. ನಮ್ಮವ್ವ ಬಂದು ನಿನ್ನ ಮುಖದ ಮೇಲೆ ಕೂತಿದ್ದಾಳೆ ಅನ್ನಿಸಿತು. ಅಷ್ಟು ಗದ್ದಲದಲ್ಲೂ ನನಗೆ ಅಳು ನಿಂತುಹೋಗಿ, ಅದನ್ನೇ ನೋಡುತ್ತಾ ನಿಂತೆ.

ನಮ್ಮ ಮನೆಯಲ್ಲಿ ಎಲ್ಲರೂ ಒಮ್ಮೆಗೇ ಎದ್ದರು. ಯಾರೋ ಹೂವಿನ ಬುಟ್ಟಿ ಸರಿಸಿದರು, ನನ್ನ ತಮ್ಮ ಮಲ್ಲೇಶ ಫ್ಯಾನಿನ ಗಾಳಿಗೆ ಆರಿದ ದೀಪ ಹಚ್ಚಲು ಬಗ್ಗಿದ, ಹೊರಗೆ ಭಜನೆಯವರು ತಾಳ ಎತ್ತಿಕೊಂಡರು. ಅದೇ ಹೊತ್ತಿಗೆ ನನ್ನ ಫೋನಿನಲ್ಲಿ ನೀನು ಇಲ್ಲ. ನಿನ್ನ ಮನೆಯ ಜಂತಿಗಳು ಕಾಣುತ್ತಿವೆ, ಕೆಳಗೆ ಮೂಲೆಯಲ್ಲಿ ಹಲ್ಲಿಯ ತಲೆಯಂಥದ್ದೇನೋ ಕದಲುತ್ತಿದೆ. “ಚಿಗವ್ವಾ, ಫೋನ್ ಎತ್ತಬೇ, ಎತ್ತಾಕತ್ತಾರ” ಎಂದು ನಾನು ಕೂಗಿದೆ. ಮತ್ತೆ ಕೂಗಿದೆ. ನೀನು ಎತ್ತಲಿಲ್ಲ. ನಿನ್ನ ಮುಖ ತಿರುಗಿ ಬರುವಷ್ಟರಲ್ಲಿ ಅವ್ವ ಬಾಗಿಲು ದಾಟಿದ್ದಳು, ನಿನಗೆ ತೋರಿಸಲು ಬರಿಯ ಗೋಡೆ ಉಳಿದಿತ್ತು.

ನೀನು ನೋಡಲಾರದೆ ಫೋನ್ ಒಗೆದೆ ಎಂದುಕೊಂಡೆ. ಅಂದಿನಿಂದ ಇಂದಿನವರೆಗೆ ಹಾಗೆಯೇ ಅಂದುಕೊಂಡಿದ್ದೆ. ಒಡಹುಟ್ಟಿದ ಅಕ್ಕನ ಮುಖವನ್ನು ಕಡೆಯ ಸಲ ನೋಡಲು ಇವಳಿಗೆ ಎದೆ ಸಾಲಲಿಲ್ಲವಲ್ಲ ಎಂದು ಒಳಗೊಳಗೇ ಕುದ್ದಿದ್ದೇನೆ. ಹಬ್ಬಕ್ಕೆ ಬಂದಿದ್ದೇನೆ, ನಿನ್ನ ಕೈಯ ರೊಟ್ಟಿ ತಿಂದಿದ್ದೇನೆ, ಇದನ್ನು ಬಾಯಿಬಿಟ್ಟು ಕೇಳಿಲ್ಲ. ಕೇಳುವ ಬದಲು ಸಿನಿಮಾ ಮಾಡಲು ಹೊರಟೆ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಸ್ಟುಡಿಯೊದಲ್ಲಿ ಕೂತು ಮಂದಿಯ ಮದುವೆ ವಿಡಿಯೊಗಳಿಗೆ ಹಾಡು ಜೋಡಿಸುವವಳಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ನೀನು ಕೇಳಿದೆಯಲ್ಲ, ಇದಕ್ಕೇ ಬೇಕಿತ್ತು. ಒಬ್ಬ ಹೆಂಗಸು ಫೋನಿನಲ್ಲಿ ಅಕ್ಕನ ಅಂತ್ಯಕ್ರಿಯೆ ನೋಡುತ್ತಾಳೆ, ನೋಡಲಾರದೆ ಫೋನನ್ನು ಬೋರಲು ಹಾಕುತ್ತಾಳೆ, ಕತ್ತಲಾಗುತ್ತದೆ. ಅಲ್ಲಿಗೆ ಸಿನಿಮಾ ಮುಗಿಯುತ್ತದೆ. ಫೋನಿನೊಳಗೆ ಏನಿದೆ ಎಂದು ನೋಡುವವರಿಗೆ ತೋರಿಸುವುದೇ ಇಲ್ಲ, ಅವಳ ಮುಖದ ಮೇಲಿನ ಬೆಳಕಿನಲ್ಲೇ ಎಲ್ಲ ತಿಳಿಯಬೇಕು.

ಆ ಬೆಳಕು ಮಾಡಲು ನಾವು ಪಟ್ಟ ಪಾಡನ್ನು ನೀನೇ ಕಣ್ಣಾರೆ ನೋಡಿದ್ದೀ. “ಫೋನಿನ ಬೆಳಕು ಬೇಕಂದ್ರ ಫೋನ್ ಹಚ್ಚಬೇಕು, ಇಷ್ಟ್ಯಾಕ ಒದ್ದಾಡ್ತೀರಿ” ಎಂದು ನೀನು ಬಂದ ದಿನವೇ ಅಂದೆ. ಕ್ಯಾಮೆರಾದ ಅರ್ಬಾಜ್ ನಿನಗೆ ಎಷ್ಟು ವಿನಯದಿಂದ ತಿಳಿಸಿ ಹೇಳಿದ, ಫೋನಿನ ಬೆಳಕು ಕಣ್ಣಿಗೆ ಸಾಕು, ಕ್ಯಾಮೆರಾಕ್ಕೆ ಸಾಲದು, ಅದಕ್ಕೆ ನಿನ್ನ ಫೋನಿನ ಹಿಂದೆ ಇನ್ನೊಂದು ಲೈಟು ಬಚ್ಚಿಟ್ಟು ಫೋನಿನದೇ ಎನ್ನುವಂತೆ ಮಾಡಬೇಕು ಅಂತ. ನೀನು ಹೂಂ ಹೂಂ ಎಂದು ತಲೆಯಾಡಿಸಿ, ಮರುಗಳಿಗೆಗೆ ಅದನ್ನೇ ಕೇಳಿದೆ.

ಅರ್ಬಾಜ್ ಕೂಡ ಕಡಿಮೆ ಜೀವ ತಿಂದಿಲ್ಲ, ಅದನ್ನೂ ಹೇಳುತ್ತೇನೆ. ಮದುವೆ ಮಂಟಪದಲ್ಲಿ ಲೈಟು ಹಿಡಿದು ಬೆಳೆದವನು. ಮೊದಲನೆಯ ಸಲ ಅವನು ಲೈಟು ಹಾಕಿದಾಗ ನೀನು ಬಂಗಾರದಂಗಡಿಯ ಗಾಜಿನ ಮುಂದೆ ಕೂತಹಾಗೆ ಕಂಡೆ. ಕಡಿಮೆ ಮಾಡು ಎಂದರೆ ನೀಲಿ ಹಾಳೆ ಅಂಟಿಸಿದ. ಫೋನಿನ ಬೆಳಕು ಎಂದರೆ ನೀಲಿ ಎಂದು ಇವರಿಗೆಲ್ಲ ಯಾರು ಹೇಳಿಕೊಟ್ಟರೋ. ನೀಲಿ ಬೆಳಕಿನಲ್ಲಿ ನಿನ್ನ ತುಟಿಗೆ ಜೀವವೇ ಇರಲಿಲ್ಲ, ಸತ್ತವಳು ಅಕ್ಕನಲ್ಲ ತಂಗಿಯೇ ಎನ್ನುವ ಹಾಗಿತ್ತು. ಬೆಳಕಿಗೆ ಅದರದೇ ಬಣ್ಣ ಇರುವುದಿಲ್ಲ, ಫೋನಿನಲ್ಲಿ ಏನು ಕಾಣುತ್ತದೋ ಅದರ ಬಣ್ಣ ಎಂದು ನಾನು ಬಡಕೊಂಡೆ. ವಿಭೂತಿಯ ಬಿಳುಪು ಬೇಕು, ಹಾರದ ಹಳದಿ ಬೇಕು, ಸೀರೆಯ ಹಸಿರು ಬೇಕು. ಕಡೆಗೆ ಶಾಮೀದಸಾಬರ ಮನೆಯಾಕೆ ದಾವಲ್ ಬೀ ಒಳಗಿನಿಂದ ಹಳದಿ, ಹಸಿರು ಓಢಣಿಗಳನ್ನು ತಂದುಕೊಟ್ಟರು. ಅವನ್ನು ಲೈಟಿನ ಮುಂದೆ ಮೆಲ್ಲಗೆ ಆಡಿಸಿದಾಗ ನಿನ್ನ ಕೆನ್ನೆಯ ಮೇಲೆ ಆ ಸಂಜೆ ಹತ್ತಿರ ಹತ್ತಿರ ಬಂತು. ಆ ಸೆಕೆಗೆ, ಕಿಟಕಿ ಬಾಗಿಲಿಗೆಲ್ಲ ಕರಿ ಬಟ್ಟೆ ಬಡಿದ ಆ ಕೋಣೆಯಲ್ಲಿ ಎಲ್ಲರೂ ಬೆವರಿನಲ್ಲಿ ತೊಯ್ದಿದ್ದೆವು. ಆದರೂ ನನಗೆ ಖುಷಿಯಾಯಿತು.

ಆ ಖುಷಿಯನ್ನು ಹಾಳು ಮಾಡಲು ನೀನಿದ್ದೆಯಲ್ಲ.

ಕತ್ತಲೆ ಕೋಣೆ. ಫೋನ್ ರಿಂಗ್ ಆಗುತ್ತದೆ, ನೀನು ಎತ್ತುತ್ತೀ, ಮುಖದ ಮೇಲೆ ಬೆಳಕು ಬರುತ್ತದೆ. ಬೆಳಕು ಬಂದದ್ದೇ ತಡ, ನೀನು ಫೋನನ್ನು ಮಡಿಲಿಗೆ ಹಾಕಿ ಎರಡೂ ಕೈ ಮುಗಿದೆ. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದೆ. ಕಟ್ ಎಂದೆ ನಾನು. ಏನಿದು ಎಂದರೆ, “ದೀಪ ಹಚ್ಚಿದ್ರಲ್ಲ” ಎಂದೆ ನೀನು. ಸಂಜೆ ದೀಪ ಹಚ್ಚಿದರೆ ಕೈ ಮುಗಿಯುವುದು ನನಗೂ ಗೊತ್ತು, ನಾನೂ ಅಂಥದೇ ಮನೆಯಲ್ಲಿ ಬೆಳೆದವಳು. ಆದರೆ ಇದು ದೀಪವಲ್ಲ ಚಿಗವ್ವಾ, ಫೋನು. ಅದೂ ಫೋನಲ್ಲ, ಅರ್ಬಾಜನ ಲೈಟು. ಇದನ್ನು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಆಯ್ತವ್ವಾ, ಇನ್ನೊಮ್ಮೆ ಮುಗಿಯಂಗಿಲ್ಲ ಎನ್ನುತ್ತಿದ್ದೆ. ಲೈಟು ಬಂದೊಡನೆ ಮತ್ತೆ ಮುಗಿಯುತ್ತಿದ್ದೆ.

ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೋ ಎಂದೆ, ಫೋನ್ ನೆಲಕ್ಕೆ ಬಿತ್ತು. ಗೊತ್ತಾಗದ ಹಾಗೆ ಬೆಳಕನ್ನು ನಿಧಾನವಾಗಿ ಏರಿಸೋಣ ಎಂದು ಅರ್ಬಾಜ್ ಉಪಾಯ ಮಾಡಿದ. ನೀನು ಪೂರ್ತಿ ಏರುವವರೆಗೆ ಕಾದು, ಆಮೇಲೆ ಮುಗಿದೆ. ಮೊದಲೇ ಒಮ್ಮೆ ಮುಗಿಸಿಬಿಡೋಣ ಎಂದು ಲೈಟು ಹಾಕಿ ಕೈ ಮುಗಿಸಿ, ಆರಿಸಿ, ಮತ್ತೆ ಹಾಕಿದರೆ, ಆರಿ ಹತ್ತಿದ್ದಕ್ಕೆ ಇನ್ನೊಮ್ಮೆ ಮುಗಿದೆ. ನನಗೆ ಹಣೆ ಚಚ್ಚಿಕೊಳ್ಳಲು ಗೋಡೆಯೊಂದೇ ಬಾಕಿ. ಇದರ ಮೇಲೆ ಶಾಮೀದಸಾಬರು ಬಾಗಿಲಲ್ಲಿ ನಿಂತು ನಿನ್ನ ಪರ ವಕಾಲತ್ತು. ಅವರ ತಾಯಿಯೂ ಚಿಮಣಿ ದೀಪ ಹಚ್ಚಿದ ಕೂಡಲೇ ಸಲಾಂ ಅನ್ನುತ್ತಿದ್ದರಂತೆ. “ಬಿಡ್ರಿ ಮೇಡಂ, ಹಳೇ ಮಂದಿ ಕೈ ಅದು, ಕೇಳಂಗಿಲ್ಲ” ಎಂದರು. ನೀನು ಗೆದ್ದವರ ಹಾಗೆ ನನ್ನ ಕಡೆ ನೋಡಿದೆ. ದಾವಲ್ ಬೀ ನಿನಗೆ ಚಹಾ ತಂದುಕೊಟ್ಟರು, ನನಗೆ ಕೊಡಲಿಲ್ಲ.

ನಿನ್ನೆಯೂ ಅದೇ ಆಯಿತು. ಓಢಣಿಯ ಬಣ್ಣ ಸರಿಯಾಗಿತ್ತು, ನಿನ್ನ ಕಣ್ಣಲ್ಲಿ ನೀರಿತ್ತು, ನಾನು ಉಸಿರು ಬಿಗಿಹಿಡಿದು ಇದೇ ಇದೇ ಎಂದುಕೊಳ್ಳುತ್ತಿದ್ದೆ. ನೀನು ಫೋನ್ ಬಿಟ್ಟು ಕೈ ಮುಗಿದೆ. ನನ್ನ ಪಿತ್ತ ನೆತ್ತಿಗೇರಿತು. ಕೈ ಮುಗಿದದ್ದಕ್ಕೆ ಬೈಯಲು ಬಾಯಿ ತೆರೆದವಳ ಬಾಯಲ್ಲಿ ಬೇರೆಯದೇ ಬಂತು. “ಅವತ್ತೂ ಹಿಂಗ ಬಿಟ್ಟಿ. ನಮ್ಮವ್ವನ್ನ ಕಡೀ ಸಲ ನೋಡಬೇ ಅಂದ್ರ ಫೋನ್ ಒಗದಿ” ಎಂದೆ.

ಲಲಿತಾ, ಇಲ್ಲಿ ನಿಲ್ಲಿಸಬೇಡ, ಓದು.

ನೀನು ಎದ್ದು ಮುಖ ತೊಳೆದುಕೊಂಡೆ, ಚೀಲ ತೆಗೆದುಕೊಂಡೆ, ದಾವಲ್ ಬೀಗೆ ಹೋಗಿ ಬರ್ತೀನ್ರಿ ಎಂದೆ. ನಾನು ಬಸ್ ಸ್ಟ್ಯಾಂಡಿನವರೆಗೂ ನಿನ್ನ ಹಿಂದೆಯೇ ಬೈಯುತ್ತಾ ಬಂದೆ. ಬಣ್ಣದವರು ಬರುತ್ತಾರೆ ಎಂದೆ, ಇಷ್ಟು ಜನರ ದುಡಿಮೆ ನೀರಿಗೆ ಹೋಗುತ್ತದೆ ಎಂದೆ, ಹಟಮಾರಿ ಎಂದೆ. ನೀನು ದೇವದುರ್ಗದ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು ತಿರುಗಿದೆ. ಸಿಟ್ಟಿಲ್ಲದೆ, ಮಕ್ಕಳಿಗೆ ಲೆಕ್ಕ ಹೇಳಿಕೊಡುವ ಹಾಗೆ ಹೇಳಿದೆ.

“ಅವತ್ತ ನಿಮ್ಮವ್ವನ ಮುಂದ ಮಲ್ಲೇಶ ದೀಪ ಹಚ್ಚಿದ. ಕೈ ಮುಗಿಯಾಕ ಎರಡೂ ಕೈ ಬೇಕಲ್ಲವ್ವಾ. ಫೋನ್ ಯಾವ ಕೈಯಾಗ ಹಿಡೀಲಿ?”

ಕಂಡಕ್ಟರ್ ರೈಟ್ ಅಂದ. ಬಸ್ಸು ಹೋಯಿತು. ನಾನು ಮಾನ್ವಿ ಬಸ್ ಸ್ಟ್ಯಾಂಡಿನ ನಡುವೆ ಬೆಪ್ಪಾಗಿ ನಿಂತುಕೊಂಡೆ, ಒಬ್ಬ ಬಾಳೆಹಣ್ಣಿನವನು ಸರಿ ಸರಿ ಎಂದು ತಳ್ಳುಗಾಡಿ ತಾಗಿಸಿದ ಮೇಲೆಯೇ ಅಲ್ಲಿಂದ ಸರಿದದ್ದು.

ಚಿಗವ್ವಾ, ನಿನಗೆ ಏನೆನ್ನಲಿ ನಾನು? ಈ ಒಂದು ಮಾತನ್ನು ಹೇಳಲು ನಿನಗೆ ಬಸ್ಸಿನ ಮೆಟ್ಟಿಲೇ ಬೇಕಾಗಿತ್ತೇ? ಇಷ್ಟು ವರ್ಷ ಎಷ್ಟು ಸಲ ಎದುರುಬದುರು ಕೂತು ಉಂಡಿದ್ದೇವೆ. ಊರವರ ಸುದ್ದಿಯೆಲ್ಲ ಹೇಳುತ್ತೀ, ಎಮ್ಮೆ ಎಷ್ಟು ಹಾಲು ಕರೆಯಿತು ಎಂದು ಹೇಳುತ್ತೀ, ಇದನ್ನು ಹೇಳಲಿಲ್ಲ. ಹೇಳುವಂಥದ್ದು ಏನಿದೆ ಎಂದು ನಿನಗೆ ಅನ್ನಿಸಿರಲೇ ಇಲ್ಲ, ಅದು ನನಗೆ ಗೊತ್ತು. ದೀಪ ಹಚ್ಚಿದರು, ಕೈ ಮುಗಿದೆ, ಅಷ್ಟೇ. ಅದನ್ನು ನೆನೆದರೆ ನನಗೆ ಇನ್ನೂ ಸಿಟ್ಟು ಬರುತ್ತದೆ. ನೀನು ನಮ್ಮವ್ವನ ದೀಪಕ್ಕೆ ಅಲ್ಲಿ ಗೂಗಲ್‌ನಲ್ಲಿ ಕೂತು ಕೈ ಮುಗಿಯುತ್ತಿದ್ದೆ, ನಾನು ರಾಯಚೂರಿನಲ್ಲಿ ನಿನ್ನ ಹೆಸರು ಹಿಡಿದು ಕೂಗುತ್ತಿದ್ದೆ.

ನಿನ್ನ ಮಾತನ್ನು ನಂಬದೆ ಅಲ್ಲ, ಆದರೂ ಇವತ್ತು ಬೆಳಿಗ್ಗೆ ಒಂದು ಕೆಲಸ ಮಾಡಿದೆ. ಕರಿ ಬಟ್ಟೆಗಳೆಲ್ಲ ಹಾಗೇ ಇದ್ದವು. ನಿನ್ನ ಜಾಗದಲ್ಲಿ ನಾನು ಕೂತೆ. ಅಂಗಳದಿಂದ ನನ್ನ ಫೋನಿಗೆ ವಿಡಿಯೊ ಕಾಲ್ ಮಾಡು ಎಂದು ಅರ್ಬಾಜನಿಗೆ ಹೇಳಿದೆ. ಕತ್ತಲೆಯಲ್ಲಿ ಫೋನ್ ಎತ್ತಿದೆ, ಬೆಳಕು ಬಂತು, ನಿನ್ನ ಹಾಗೆಯೇ ಎರಡೂ ಕೈ ಬಿಟ್ಟು ಮುಗಿದೆ. ಫೋನ್ ಮಡಿಲಿನಿಂದ ಜಾರಿ ಚಾಪೆಯ ಮೇಲೆ ಅಂಗಾತ ಬಿತ್ತು. ನನ್ನ ಮುಖದ ಮೇಲಿನ ಬೆಳಕೆಲ್ಲ ಹೋಗಿ ಶಾಮೀದಸಾಬರ ಕರಿ ಜಂತಿಗಳ ಮೇಲೆ ಕೂತಿತು. ತಲೆ ಎತ್ತಿ ನೋಡಿದೆ. ಅದೇ ಬೆಳಕು. ಆ ಸಂಜೆ ನನ್ನ ಫೋನಿನಲ್ಲಿ ಕಂಡದ್ದು ಅದೇ. ನಿನ್ನ ಕೆನ್ನೆಯ ಮೇಲೆ ನಾನು ಓಢಣಿ ಆಡಿಸಿ ಆಡಿಸಿ ಹುಡುಕುತ್ತಿದ್ದದ್ದು, ಅಲ್ಲಿ ಮೇಲೆ ಇತ್ತು.

ಅರ್ಬಾಜ್ ಅಂಗಳದಿಂದ ಓಡಿಬಂದ. ತನ್ನ ಫೋನಿನಲ್ಲಿ ಕಂಡದ್ದರ ಫೋಟೊ ಹಿಡಿದುಕೊಂಡಿದ್ದ, “ಅಕ್ಕಾ, ಇದನ್ನ ನೋಡ್ರಿ ಮೊದಲ” ಎಂದು ತೋರಿಸಿದ. ಮೇಲೆಲ್ಲ ಜಂತಿ. ಕೆಳಗಿನ ಮೂಲೆಯಲ್ಲಿ ಹಲ್ಲಿಯ ತಲೆಯಂಥದ್ದೊಂದು.

ಹಲ್ಲಿಯಲ್ಲ ಚಿಗವ್ವಾ. ಜೋಡಿಸಿದ ಬೆರಳುಗಳ ತುದಿ.

ನಾನು ಎಲ್ಲರ ಎದುರಿಗೆ ಕೂತು ಅತ್ತುಬಿಟ್ಟೆ. ದಾವಲ್ ಬೀ ಇವತ್ತು ನನಗೂ ಚಹಾ ಕೊಟ್ಟರು. ಅರ್ಬಾಜ್ ಲೈಟನ್ನು ನಿನ್ನ ಮುಖದ ಎತ್ತರದಿಂದ ಇಳಿಸಿ, ಚಾಪೆಯ ಹತ್ತಿರ ನೆಲದಲ್ಲಿಟ್ಟು, ಜಂತಿಗೆ ತಿರುಗಿಸಿದ. ಅದರ ಅಂಚಿನ ಬೆಳಕು ಕೆಳಗಿನಿಂದ ಕೈಗಳಿಗೆ ಸ್ವಲ್ಪ ತಾಗುತ್ತದೆ, ಮುಖಕ್ಕೆ ಇನ್ನೂ ಕಡಿಮೆ. ಅಷ್ಟು ಸಾಕು. ಫೋನ್ ಬೋರಲು ಹಾಕುವುದು, ಕತ್ತಲಾಗುವುದು, ನೋಡಲಾರದ ಹೆಂಗಸು, ಎಲ್ಲ ತೆಗೆದುಹಾಕಿದ್ದೇನೆ. ಅಂಥವಳು ಯಾರೂ ಇರಲೇ ಇಲ್ಲ.

ಇನ್ನು ಗುರುವಾರದ ಮಾತು. ಬೆಳಗಿನ ಬಸ್ಸಿಗೆ ಸಂಜೀವ ನಿನ್ನನ್ನು ಹತ್ತಿಸಲಿ. ಬಂದು ಕೂರು. ಫೋನ್ ರಿಂಗ್ ಆದರೆ ಎತ್ತು. ಬೆಳಕು ಬಂದಾಗ ನಿನ್ನ ಕೈ ಏನು ಮಾಡುತ್ತದೋ ಮಾಡಲಿ. ಫೋನ್ ಬಿದ್ದರೆ ಬೀಳಲಿ, ಒಡೆದರೆ ಒಡೆಯಲಿ. ಕಣ್ಣು ಮುಚ್ಚಿ ನಿನಗೆ ಬೇಕಾದಷ್ಟು ಹೊತ್ತು ಕೂರು. ಆ ಸಂಜೆ ಎಷ್ಟು ಹೊತ್ತು ಕೂತಿದ್ದೆಯೋ ಅಷ್ಟು ಹೊತ್ತು. ಈ ಸಲ ಯಾರೂ ನಿನ್ನ ಹೆಸರು ಕೂಗುವುದಿಲ್ಲ, ಯಾರೂ ಕಟ್ ಎನ್ನುವುದಿಲ್ಲ.

ಒಂದೇ ಹೆದರಿಕೆ ನನಗೆ. ನಿನ್ನನ್ನು ನಾನು ಬಲ್ಲೆ. ಕೈ ಮುಗಿಯಬ್ಯಾಡ ಎಂದಷ್ಟೂ ದಿನ ಮುಗಿದವಳು, ಮುಗಿ ಎಂದ ದಿನ ಫೋನನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದು ಕೂತರೆ ನಾನು ಕೃಷ್ಣಾ ನದಿಗೆ ಹಾರುತ್ತೇನೆ. ಅದಕ್ಕೇ ಹೇಳುತ್ತಿದ್ದೇನೆ, ಲಲಿತಾ, ಈ ಕಾಗದದಲ್ಲಿ ಇದೊಂದು ಭಾಗವನ್ನು ಮಾತ್ರ ಅತ್ತೆಗೆ ಓದಬೇಡ. ಬಾ ಅಂದಾಳ ಅಂತ ಹೇಳು, ಸಾಕು.

ಗೂಗಲ್‌ನ ಪ್ರಭುದೇವರು ನಿನ್ನ ಕೈ ಕಾಲು ಗಟ್ಟಿಯಾಗಿ ಇಟ್ಟಿರಲಿ, ನನಗೆ ಸ್ವಲ್ಪ ತಾಳ್ಮೆ ಕೊಡಲಿ. ನಮ್ಮವ್ವನನ್ನು ಕಡೆಯ ಸಲ ಕಳಿಸಿಕೊಟ್ಟ ನಿನ್ನ ಆ ಎರಡು ಕೈಗಳಿಗೆ ಶರಣು.

ಇನ್ನೂ ಸಿಟ್ಟಿನಲ್ಲೇ ಇರುವ, ಗುರುವಾರ ಬೆಳಿಗ್ಗೆ ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುವ,
ನಿನ್ನ ಸುನಂದಾ